ನ್ಯೂಯಾರ್ಕಿಗೆ ಹೊರಟ ಪೊಲೀಸಪ್ಪ

‘ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ’ ಅನ್ನುವ ಮಾತು ನಮ್ಮಲ್ಲಿದೆ. ಸಾಹೇಬರ ಎದುರು ಕೈಕಟ್ಟಿ, ‘ಹೌದು ಸಾರ್, ಆಗಲಿ ಸಾರ್’ ಎಂದು ಬೆನ್ನು ಬಾಗಿಸಿ ನಿಂತವರು ಮನೆಯ ಹೊಸ್ತಿಲು ದಾಟಿದ ಕೂಡಲೇ ‘ಕಾಫಿ ಎಲ್ಲಿ? ಟವೆಲ್ ಎಲ್ಲಿ? ಮಗಳು ಎಲ್ಲಿ ಹೋದಳು?’ ಎಂದು ಸೂರು ಹಾರಿಹೋಗುವಂತೆ ಗುಡುಗುವುದನ್ನು ನಾವು ನೀವು ಕಾಣದ್ದೇನಲ್ಲ. ಕೆಲವರಿಗೆ ಅಂಥವರು ಅಪ್ಪ, ಕೆಲವರಿಗೆ ಮಾವ, ಇನ್ನು ಕೆಲವರಿಗೆ... ಬಿಡಿ, ಹೆಸರು ಹೇಳುವುದು ಬೇಡ!

ಅಂಥ ಒಬ್ಬ ಅಪ್ಪನನ್ನು ಪರದೆಯ ಮೇಲೆ ತಂದು, ಇಡೀ ಫ್ರಾನ್ಸ್ ದೇಶವನ್ನು ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದ ಚಿತ್ರವೊಂದಿದೆ. ಅದರ ಹೆಸರು ‘ಲ ಜಂದಾರ್ಮ್ ಆ ನ್ಯೂಯಾರ್ಕ್’, ಅಂದರೆ ‘ನ್ಯೂಯಾರ್ಕಿನಲ್ಲಿ ಪೊಲೀಸಪ್ಪ’ ಅನ್ನಿ. 1965ರ ಅಕ್ಟೋಬರಿನಲ್ಲಿ ತೆರೆಕಂಡ ಈ ಚಿತ್ರಕ್ಕೆ ಫ್ರಾನ್ಸಿನಲ್ಲಿ 50 ಲಕ್ಷಕ್ಕೂ ಹೆಚ್ಚು ಟಿಕೆಟು ಮಾರಾಟವಾದವು. ಫ್ರೆಂಚ್ ಬಾರದ ನಾವೂ ನೀವೂ ಇದನ್ನು ನೋಡಿ ನಗಬಹುದು. ಯಾಕೆಂದರೆ ಅದರ ನಾಯಕ ಬಾಯಿಗಿಂತ ಹೆಚ್ಚಾಗಿ ಹುಬ್ಬಿನಿಂದ, ಮೂಗಿನಿಂದ, ಹತ್ತು ಬೆರಳುಗಳಿಂದ ಮಾತಾಡುತ್ತಾನೆ.

ಆದರೆ ನಾನು ಇಲ್ಲಿ ಹೇಳಹೊರಟಿರುವುದು ಬರೀ ನಗುವಿನ ವಿಷಯವಲ್ಲ. ನಿಮ್ಮ ಗಮನವನ್ನು ಆ ಚಿತ್ರದ ಹುಡುಗಿಯ ಕಡೆ ಸೆಳೆಯಬೇಕೆಂದಿದ್ದೇನೆ. ಪೊಲೀಸಪ್ಪನ ಮಗಳು ನಿಕೋಲ್. ‘ನಾನೂ ಬರ್ತೀನಿ ಅಪ್ಪ’ ಎಂದು ಅವಳು ಕೇಳದಿದ್ದರೆ ಈ ಚಿತ್ರದ ಕಥೆಯೇ ಇಲ್ಲ.

ಯಾರಿವರು, ಈ ಜಂದಾರ್ಮರು?

ಮೊದಲು ಈ ಪದ ಅರ್ಥವಾಗಬೇಕು. ಫ್ರಾನ್ಸಿನಲ್ಲಿ ಪೊಲೀಸರು ಎರಡು ಬಗೆ. ದೊಡ್ಡ ನಗರಗಳಿಗೆ ಸಾಮಾನ್ಯ ಪೊಲೀಸರು. ಹಳ್ಳಿಗಳಿಗೆ, ಸಣ್ಣ ಊರುಗಳಿಗೆ ಜಂದಾರ್ಮರು. ಇವರು ಸೈನ್ಯಕ್ಕೆ ಸೇರಿದವರು. ಪೊಲೀಸರ ಕೆಲಸ ಮಾಡುವ ಸಿಪಾಯಿಗಳು ಎನ್ನಬಹುದು. ತಲೆಯ ಮೇಲೆ ‘ಕೆಪಿ’ ಎಂಬ ದುಂಡನೆಯ ಗಟ್ಟಿ ಟೋಪಿ. ಸೈನ್ಯದ ಶಿಸ್ತು, ಸೈನ್ಯದ ಸಲಾಮು, ಸೈನ್ಯದ ದರ್ಜೆ. ಅಂದಮೇಲೆ ಮೇಲಿನವರು ಗದರಿದರೆ ಕೆಳಗಿನವರು ತುಟಿಪಿಟಕ್ ಎನ್ನುವ ಹಾಗಿಲ್ಲ.

ಇಂಥ ಆರು ಜನ ಜಂದಾರ್ಮರ ಠಾಣೆ ಇರುವುದು ದಕ್ಷಿಣ ಫ್ರಾನ್ಸಿನ ಕಡಲತೀರದ ಸ್ಯಾಂ ತ್ರೊಪೇ ಎಂಬ ಊರಿನಲ್ಲಿ. ಮೀನುಗಾರರ ಸಣ್ಣ ಊರು ಅದು. 1956ರಲ್ಲಿ ಬ್ರಿಜಿತ್ ಬಾರ್ದೋ ನಟಿಸಿದ ಚಿತ್ರವೊಂದರಿಂದ ಪ್ರಸಿದ್ಧವಾಗಿ, ಶ್ರೀಮಂತರ ಮೋಜಿನ ತಾಣವಾಗಿಬಿಟ್ಟಿತು. ರಿಷಾರ್ ಬಲ್ದುಚ್ಚಿ ಎಂಬ ಲೇಖಕರ ವಸ್ತುವೇನೋ ಅಲ್ಲಿ ಕಳುವಾಗಿ, ದೂರು ಕೊಡಲು ಠಾಣೆಗೆ ಹೋದರೆ ಅಲ್ಲಿದ್ದ ಜಂದಾರ್ಮನಿಗೆ ಅದನ್ನು ಬರೆದುಕೊಳ್ಳುವ ಉತ್ಸಾಹವೇ ಇರಲಿಲ್ಲವಂತೆ. ಬಲ್ದುಚ್ಚಿ ಸಿಟ್ಟು ಮಾಡಿಕೊಳ್ಳುವ ಬದಲು ಕಥೆ ಬರೆದರು! ನಿರ್ದೇಶಕ ಜಾಂ ಜಿರೋ ಅದನ್ನು 1964ರಲ್ಲಿ ಸಿನಿಮಾ ಮಾಡಿದರು. ಆ ಮೊದಲ ಚಿತ್ರ ಫ್ರಾನ್ಸಿನಲ್ಲಿ ಆ ವರ್ಷದ ಎಲ್ಲ ಚಿತ್ರಗಳಿಗಿಂತ ಹೆಚ್ಚು ಜನರನ್ನು ಸೆಳೆಯಿತು. ಗೆದ್ದ ಮೇಲೆ ಕೇಳಬೇಕೇ? ಮುಂದಿನ ವರ್ಷವೇ ಆರೂ ಜನರನ್ನು ಹಡಗು ಹತ್ತಿಸಿ ಅಮೆರಿಕಕ್ಕೆ ಕಳಿಸಿಬಿಟ್ಟರು.

ಠಾಣೆಯ ಮುಖ್ಯಸ್ಥ ಜೆರ್ಬೇರ್. ಈ ಪಾತ್ರ ಮಾಡಿದವರು ಮಿಶೆಲ್ ಗಲಬ್ರು. ದಪ್ಪ ಮೈ, ಗಡಸು ದನಿ, ನಿಧಾನದ ನಡೆ. ಅವನ ಕೈಕೆಳಗೆ ನಮ್ಮ ಕಥಾನಾಯಕ ಕ್ರುಶೋ, ಅಂದರೆ ಲೂಯಿ ದ ಫ್ಯುನೆಸ್. ಗಿಡ್ಡ ಆಳು, ಬೋಳು ತಲೆ, ಕುದಿಯುವ ನೀರಿನಂಥ ಸ್ವಭಾವ. ನಮ್ಮ ಕಡೆಯ ಲೆಕ್ಕದಲ್ಲಿ ದಫೇದಾರ ಅನ್ನಿ. ಅವನ ಕೆಳಗೆ ನಾಲ್ಕು ಜನ ಪೇದೆಗಳು.

ಇವರ ನಡುವೆ ನಡೆಯುವುದೇನು? ಜೆರ್ಬೇರ್ ಕ್ರುಶೋನನ್ನು ಗದರುತ್ತಾನೆ. ಕ್ರುಶೋ ಎದೆ ಸೆಟೆಸಿ, ಟೋಪಿ ಸರಿಮಾಡಿಕೊಂಡು, ಹಲ್ಲು ಕಿರಿದು ಸಲಾಮು ಹೊಡೆಯುತ್ತಾನೆ. ಜೆರ್ಬೇರ್ ಆ ಕಡೆ ತಿರುಗುತ್ತಾನೆ. ತಿರುಗಿದ್ದೇ ತಡ, ಕ್ರುಶೋನ ಮುಖದ ಮೇಲಿನ ನಗು ಬೆಣ್ಣೆಯಂತೆ ಕರಗಿ, ಹುಬ್ಬು ಗಂಟಿಕ್ಕಿ, ಅವನು ಈ ಕಡೆ ತಿರುಗಿ ಪೇದೆಗಳನ್ನು ಅದೇ ಮಾತಿನಲ್ಲಿ, ಅದರ ಎರಡರಷ್ಟು ದನಿಯಲ್ಲಿ ಗದರುತ್ತಾನೆ! ಅತ್ತೆ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುವ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಚಿತ್ರ ನಾನು ನೋಡಿಲ್ಲ. ಎರಡು ಬೆರಳುಗಳನ್ನು ತನ್ನ ಕಣ್ಣಿನ ಹತ್ತಿರ ತಂದು ‘ನನ್ನ ಕಣ್ಣು ನೋಡು!’ ಎಂದು ಎದುರಿನವನನ್ನು ಹಿಡಿದು ನಿಲ್ಲಿಸುವ ಅವನ ಅಭಿನಯವನ್ನು ಫ್ರಾನ್ಸಿನ ಮಕ್ಕಳು ಶಾಲೆಯಲ್ಲಿ ಅಣಕಿಸಿರಬೇಕು ಎಂದು ನನ್ನ ಅನುಮಾನ.

‘ನಾನೂ ಬರ್ತೀನಿ ಅಪ್ಪ’

ಈಗ ಕಥೆಗೆ ಬರೋಣ. ನ್ಯೂಯಾರ್ಕಿನಲ್ಲಿ ನಾನಾ ದೇಶಗಳ ಪೊಲೀಸರ ಸಮ್ಮೇಳನ. ಫ್ರಾನ್ಸಿನ ಪರವಾಗಿ ಹೋಗಲು, ಯಾವ ಗ್ರಹಚಾರವೋ, ಸ್ಯಾಂ ತ್ರೊಪೇ ಠಾಣೆಯ ಈ ಆರು ಜನರೇ ಆಯ್ಕೆಯಾಗುತ್ತಾರೆ. ಊರಿಗೆ ಊರೇ ಸಂಭ್ರಮ. ಆದರೆ ಒಂದು ಕಟ್ಟಪ್ಪಣೆ: ಹೆಂಡತಿ ಮಕ್ಕಳನ್ನು ಕರೆತರುವ ಹಾಗಿಲ್ಲ.

ಕ್ರುಶೋ ವಿಧುರ. ಮನೆಯಲ್ಲಿ ಇರುವವಳು ಒಬ್ಬಳೇ ಮಗಳು ನಿಕೋಲ್. ಅಮೆರಿಕ ನೋಡುವ ಆಸೆ ಯಾವ ಹುಡುಗಿಗಿಲ್ಲ? ಕೇಳುತ್ತಾಳೆ, ಗೋಗರೆಯುತ್ತಾಳೆ, ಮುನಿಸಿಕೊಳ್ಳುತ್ತಾಳೆ. ಅಪ್ಪನದು ಒಂದೇ ಮಾತು: ಆಗಲ್ಲ. ಯಾಕೆ ಆಗಲ್ಲ? ಮೇಲಿನವರ ಅಪ್ಪಣೆ ಇಲ್ಲ. ಅಷ್ಟೇ ಕಾರಣ. ಮಗಳಿಗೆ ಸಮುದ್ರಯಾನದಿಂದ ಆರೋಗ್ಯ ಕೆಟ್ಟೀತು, ಪರದೇಶದಲ್ಲಿ ತೊಂದರೆಯಾದೀತು ಎಂಬ ಚಿಂತೆ ಇದರಲ್ಲಿ ಎಳ್ಳಷ್ಟೂ ಇಲ್ಲ. ಜೆರ್ಬೇರ್ ಏನಂದಾನು, ಇದೊಂದೇ!

ಇದನ್ನು ನೋಡುವಾಗ ನನಗೆ ನಗುವಿನ ನಡುವೆಯೇ ಚುರುಕ್ ಎಂದದ್ದುಂಟು. ನಮ್ಮ ಮನೆಗಳಲ್ಲಿ ಹುಡುಗಿಯರಿಗೆ ಹೇಳುವ ‘ಬೇಡ’ಗಳಲ್ಲಿ ಎಷ್ಟು ಅವಳ ಒಳಿತಿಗಾಗಿ, ಎಷ್ಟು ‘ಅವರು ಏನಂದುಕೊಳ್ತಾರೆ’ ಎಂಬ ಭಯಕ್ಕಾಗಿ? ಲೆಕ್ಕ ಹಾಕಿದರೆ ಯಾವುದು ಹೆಚ್ಚಾದೀತು, ನೀವೇ ಹೇಳಿ. ಕಾಲೇಜಿನ ಪ್ರವಾಸಕ್ಕೆ ಹೋಗಲು ಬಿಡದಿದ್ದ ಅಪ್ಪಂದಿರಲ್ಲಿ ಅನೇಕರಿಗೆ ಮಗಳ ಮೇಲೆ ನಂಬಿಕೆ ಇರಲಿಲ್ಲ ಎಂದಲ್ಲ. ಪಕ್ಕದ ಮನೆಯವರ ಬಾಯಿಯ ಮೇಲೆ ಅದಕ್ಕಿಂತ ಹೆಚ್ಚು ನಂಬಿಕೆ ಇತ್ತು, ಅಷ್ಟೇ.

ಇನ್ನೊಂದು ವಿಷಯ ತಿಳಿದುಕೊಳ್ಳಿ. ಫ್ರಾನ್ಸ್ ಎಂದರೆ ಹೆಣ್ಣುಮಕ್ಕಳಿಗೆ ಎಲ್ಲ ಸ್ವಾತಂತ್ರ್ಯವೂ ಇದ್ದ ನಾಡು, ಫ್ಯಾಷನ್ನಿನ ತವರು ಎಂದೇ ನಮ್ಮಲ್ಲಿ ಅನೇಕರ ಕಲ್ಪನೆ. ನಿಕೋಲ್‌ಳ ಕಾಲದ ಕಾನೂನು ನೋಡಿ. ಮತದಾನದ ಹಕ್ಕು ಅಲ್ಲಿಯ ಹೆಂಗಸರಿಗೆ ಸಿಕ್ಕಿದ್ದು 1944ರಲ್ಲಿ. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು, ಉದ್ಯೋಗಕ್ಕೆ ಸೇರಲು ಅವಕಾಶ ಕೊಟ್ಟ ಕಾನೂನು ಪಾಸಾದದ್ದು 1965ರ ಜುಲೈ 13ರಂದು. ಅಂದರೆ ಈ ಚಿತ್ರ ತೆರೆಗೆ ಬರುವ ಮೂರೇ ಮೂರು ತಿಂಗಳು ಮುಂಚೆ! ಮಗನಾಗಲಿ ಮಗಳಾಗಲಿ 21 ತುಂಬುವವರೆಗೆ ಅಪ್ರಾಪ್ತರು. ವಯಸ್ಸು 18ಕ್ಕೆ ಇಳಿದದ್ದು 1974ರಲ್ಲಿ. ಅಲ್ಲಿಯವರೆಗಿನ ಮಾತು ಹಾಗಿರಲಿ, ಮಕ್ಕಳ ಮೇಲಿನ ಅಧಿಕಾರಕ್ಕೆ ಕಾನೂನಿನಲ್ಲಿ ಇದ್ದ ಹೆಸರೇ ‘ತಂದೆಯ ಅಧಿಕಾರ’. ಅದನ್ನು ತೆಗೆದು ತಾಯಿತಂದೆ ಇಬ್ಬರದೂ ಎಂದು ಮಾಡಿದ್ದು 1970ರಲ್ಲಿ. ಹೀಗಿರುವಾಗ ಕ್ರುಶೋ ‘ಆಗಲ್ಲ’ ಅಂದರೆ ಅದು ಬರೀ ಗದರಿಕೆಯಲ್ಲ. ದೇಶದ ಕಾನೂನು ಅವನ ಬೆನ್ನಿಗಿತ್ತು.

ಆದ್ದರಿಂದ ನಿಕೋಲ್ ಮಾಡುವುದೇನು? ಅಪ್ಪನಿಗೆ ಹೇಳದೆ ಅದೇ ಹಡಗನ್ನು ಕದ್ದು ಹತ್ತಿಬಿಡುತ್ತಾಳೆ.

ಇದು ಸರಿಯೇ ಎಂದು ಕೇಳಿದರೆ ನಾನು ಹೂಂ ಎನ್ನಲಾರೆ. ಟಿಕೆಟಿಲ್ಲ, ಕಾಗದಪತ್ರವಿಲ್ಲ. ಈ ಲೇಖನ ಓದಿ ಯಾರ ಮಗಳೂ ಹಾಗೆ ಮಾಡದಿರಲಿ! ಆದರೆ ‘ಕೇಳಿದರೆ ಬೇಡ ಅಂತಾರೆ, ಕೇಳದಿದ್ದರೆ ಸುಳ್ಳಾಗತ್ತೆ’ ಎಂಬ ಇಕ್ಕಟ್ಟು ಎಷ್ಟು ಹುಡುಗಿಯರಿಗೆ ಗೊತ್ತಿಲ್ಲ? ಮೊದಲ ಚಿತ್ರದಲ್ಲೂ ಇವಳ ಪಾಡು ಇದೇ. ಪುಟ್ಟ ಊರಿನಿಂದ ಬಂದವಳು, ಸ್ಯಾಂ ತ್ರೊಪೇಯ ಶ್ರೀಮಂತ ಹುಡುಗ ಹುಡುಗಿಯರ ನಡುವೆ ಪೊಲೀಸಿನವನ ಮಗಳು ಎಂದು ಹೇಳಿಕೊಳ್ಳಲು ನಾಚಿಕೆಪಟ್ಟು, ‘ನಮ್ಮಪ್ಪ ಕೋಟ್ಯಧೀಶ, ವಿಹಾರನೌಕೆ ಇದೆ’ ಎಂದುಬಿಡುತ್ತಾಳೆ. ಅಪ್ಪ ಹಾಕಿದ ಬೇಲಿ ಎತ್ತರವಾದಷ್ಟೂ ಮಗಳ ಸುಳ್ಳೂ ಎತ್ತರವಾಗುತ್ತದೆ.

ಈ ಪಾತ್ರ ಮಾಡಿದ ಜೆನೆವಿಯೆವ್ ಗ್ರಾದ್‌ಗೆ ಆಗ 21ರ ಆಸುಪಾಸು. ಮುದ್ದು ಮುಖ, ತುಂಟ ಕಣ್ಣು. ದ ಫ್ಯುನೆಸ್‌ನಂಥ ನಟನ ಎದುರು ನಿಂತು ಕಾಣಿಸಿಕೊಳ್ಳುವುದು ಸುಲಭವಲ್ಲ. ಅವರಿದ್ದ ಕಡೆ ಬೇರೆ ಯಾರ ಮೇಲೂ ಕಣ್ಣು ನಿಲ್ಲುವುದಿಲ್ಲ. ಈ ಹುಡುಗಿ ಶಾಂತವಾಗಿ, ಸಹಜವಾಗಿ ಇದ್ದುದರಿಂದಲೇ ಗೆದ್ದಳು. ಸರಣಿಯ ಮೂರು ಚಿತ್ರಗಳಾದ ಮೇಲೆ ನಿಕೋಲ್ ಪಾತ್ರವನ್ನೇ ಕೈಬಿಟ್ಟರು. ಆಮೇಲಿನ ಚಿತ್ರಗಳಲ್ಲಿ ನಗು ಇದೆ, ಆದರೆ ಕ್ರುಶೋನ ಒಳಗೊಂದು ಮನುಷ್ಯನ ಹೃದಯವಿದೆ ಎಂದು ತೋರಿಸುವವರು ಕಡಮೆಯಾದರು ಎಂದು ನನಗನ್ನಿಸುತ್ತದೆ.

ಹಡಗಿನ ಮೇಲೆ

ಲೆ ಹಾವ್ರ್ ಬಂದರಿನಿಂದ ಹೊರಡುವ ಆ ಹಡಗಿನ ಹೆಸರು ‘ಫ್ರಾನ್ಸ್’. ಸ್ಟುಡಿಯೋದಲ್ಲಿ ಹಲಗೆ ಜೋಡಿಸಿ ಮಾಡಿದ್ದಲ್ಲ, ನಿಜವಾದ ಹಡಗು. 316 ಮೀಟರ್ ಉದ್ದ. ಆ ಕಾಲಕ್ಕೆ ಜಗತ್ತಿನಲ್ಲೇ ಅಷ್ಟುದ್ದದ ಪ್ರಯಾಣಿಕರ ಹಡಗು ಬೇರೊಂದಿರಲಿಲ್ಲ. 1960ರಲ್ಲಿ ಅಧ್ಯಕ್ಷ ದ ಗಾಲ್ ಅವರ ಪತ್ನಿ ಇವೊನ್ ಅದನ್ನು ನೀರಿಗಿಳಿಸಿದ್ದರು. 1962ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ನ್ಯೂಯಾರ್ಕಿಗೆ ಹೊರಟಿತ್ತು. ಫ್ರೆಂಚರಿಗೆ ಅದು ತೇಲುವ ಅರಮನೆ.

ಆ ಅರಮನೆಯಲ್ಲಿ ಇವರ ಅವಾಂತರ ಕೇಳಿ. ಫುಗಾಸ್ ಎಂಬ ಪೇದೆಗೆ ದಾರಿಯುದ್ದಕ್ಕೂ ಸಮುದ್ರದ ವಾಕರಿಕೆ. ಉಳಿದವರು ಅಮೆರಿಕಕ್ಕೆ ಹೋಗುತ್ತಿದ್ದೇವಲ್ಲ ಎಂದು ಇಂಗ್ಲಿಷ್ ಕಲಿಯಲು ಕೂತಿದ್ದಾರೆ. ಮೀಸೆ ಹೊತ್ತ ಗಂಡಸರು ಒಂದನೇ ತರಗತಿಯ ಮಕ್ಕಳಂತೆ ಸಾಲಾಗಿ ಕೂತು ಬಾಯಿಪಾಠ ಮಾಡುವುದು! ಸಾಹೇಬ ಜೆರ್ಬೇರ್‌ನ ನಾಲಿಗೆಯಂತೂ ಇಂಗ್ಲಿಷಿಗೆ ಹೊರಳುವುದೇ ಇಲ್ಲ. ಸಾಹೇಬ ತಪ್ಪು ಮಾಡಿದಾಗ ನಗಬೇಕೋ ಬೇಡವೋ ಎಂದು ಕ್ರುಶೋನ ಮುಖ ಪಡುವ ಸಂಕಟ ನೋಡಬೇಕು. ನಮ್ಮ ಎಷ್ಟೋ ಅಮ್ಮಂದಿರು ಮಕ್ಕಳ ಶಾಲೆಗೆ ಹೋಗುವ ಮುನ್ನ ಕನ್ನಡಿಯ ಎದುರು ನಾಲ್ಕು ಇಂಗ್ಲಿಷ್ ಮಾತು ಕಟ್ಟಿಕೊಳ್ಳುವುದನ್ನು ಬಲ್ಲ ನನಗೆ ಈ ದೃಶ್ಯದಲ್ಲಿ ಸ್ವಲ್ಪ ಕರುಣೆಯೂ ಬರುತ್ತದೆ. ಭಾಷೆ ಬಾರದ ಕಡೆ ಯಾವ ಹುಲಿಯೂ ಇಲಿಯೇ.

ಇದರ ಮಧ್ಯೆ ಕ್ರುಶೋನಿಗೆ ಅಲ್ಲೊಮ್ಮೆ ಇಲ್ಲೊಮ್ಮೆ ಮಗಳು ಕಾಣಿಸುತ್ತಾಳೆ. ಕಣ್ಣುಜ್ಜಿ ನೋಡಿದರೆ ಇಲ್ಲ! ಮನೆಯಲ್ಲಿ ಬಿಟ್ಟುಬಂದ ಮಗಳ ಗೀಳು ಹಿಡಿದಿದೆ ಎಂದು ತಾನೇ ಅಂದುಕೊಳ್ಳುತ್ತಾನೆ. ನ್ಯೂಯಾರ್ಕಿಗೆ ಹೋದ ಮೇಲೆ ಟೆಲಿವಿಷನ್ನಿನಲ್ಲಿ ಅವಳು ಹಾಡುವುದು ಕಾಣಿಸಿದಾಗಲಂತೂ ತನಗೆ ತಲೆ ಕೆಟ್ಟಿತೆಂದೇ ಖಾತ್ರಿಯಾಗಿ ಮನೋವೈದ್ಯರ ಮಂಚದ ಮೇಲೆ ಹೋಗಿ ಮಲಗುತ್ತಾನೆ. ಮಗಳು ತನ್ನ ಮಾತು ಮೀರಿರಬಹುದು ಎಂಬ ಯೋಚನೆಗಿಂತ ತನಗೆ ಹುಚ್ಚು ಹಿಡಿದಿದೆ ಎಂದು ನಂಬುವುದು ಈ ಅಪ್ಪನಿಗೆ ಸುಲಭ!

ಅತ್ತ ನಿಕೋಲ್‌ಳ ಕಥೆ ಬೇರೆ. ಕಾಗದಪತ್ರವಿಲ್ಲದ ಹುಡುಗಿಯನ್ನು ಅಮೆರಿಕದ ಪತ್ರಿಕೆಯವರು ‘ಫ್ರಾನ್ಸಿನಿಂದ ಬಂದ ಅನಾಥ ಬಾಲೆ’ ಎಂದು ಎತ್ತಿ ಮೆರೆಸಿಬಿಡುತ್ತಾರೆ. ಅಪ್ಪ ಅದೇ ಊರಿನಲ್ಲಿ ಬೆವರೊರೆಸಿಕೊಳ್ಳುತ್ತಿದ್ದಾನೆ, ಮಗಳು ಜಗತ್ತಿನ ಕಣ್ಣಿಗೆ ಅನಾಥೆ. ಹಡಗಿನಲ್ಲಿ ಪರಿಚಯವಾದ ಇಟಲಿಯ ತರುಣ ಪೊಲೀಸೊಬ್ಬ ಅವಳಿಗೆ ಮನಸೋತು ಹಿಂದೆ ಬಿದ್ದದ್ದು ಬೇರೆ.

ಪರದೇಶದಲ್ಲಿ ಒಂದು ಒಲೆ

ನಮ್ಮ ಪತ್ರಿಕೆಯ ಓದುಗರಿಗೆ ಬಲು ಇಷ್ಟವಾಗುವ ದೃಶ್ಯ ಇನ್ನೊಂದಿದೆ. ಅಮೆರಿಕದ ಊಟ ಈ ಫ್ರೆಂಚರಿಗೆ ಒಗ್ಗುವುದಿಲ್ಲ. ಎಷ್ಟು ದಿನ ನುಂಗುವುದು? ಕೊನೆಗೆ ಪೇಟೆಗೆ ಹೋಗಿ ಒಳ್ಳೆಯ ಮಾಂಸದ ತುಂಡು ಕೊಂಡು ತಂದು, ಹೋಟೆಲಿನ ಕೋಣೆಯಲ್ಲೇ ಒಲೆ ಹಚ್ಚಿ ತಮ್ಮೂರಿನ ಅಡುಗೆಗೆ ಕೂರುತ್ತಾರೆ. ಇಲ್ಲಿ ಕ್ರುಶೋನನ್ನು ನೋಡಬೇಕು. ಠಾಣೆಯಲ್ಲಿ ಕೂಗಾಡುವ ಈ ಮನುಷ್ಯ ಅಡುಗೆಯ ಮುಂದೆ ಪೂಜೆಗೆ ಕೂತ ಭಟ್ಟರಂತೆ ಏಕಾಗ್ರ. ನಾವು ಸಸ್ಯಾಹಾರಿಗಳಾದರೂ ಚಿಂತೆಯಿಲ್ಲ, ಆ ಹಸಿವು ಅರ್ಥವಾಗುತ್ತದೆ. ಪರದೇಶಕ್ಕೆ ಹೊರಟ ಮಗನ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಮೆಂತ್ಯದ ಹಿಟ್ಟು, ನಾಲ್ಕು ಬಗೆಯ ಉಪ್ಪಿನಕಾಯಿ ತುರುಕಿ, ಮೇಲೆ ಕೂತು ಬೀಗ ಹಾಕಿದವರಲ್ಲವೇ ನಾವು? ನಾಲಿಗೆಗೆ ಪಾಸ್‌ಪೋರ್ಟ್ ಸಿಗುವುದು ಎಲ್ಲಕ್ಕಿಂತ ತಡ.

ಹೀಗೆ ಕಥೆ ಓಡುತ್ತದೆ. ಮಗಳನ್ನು ಹುಡುಕುತ್ತ ಹೋದವನು ‘ವೆಸ್ಟ್ ಸೈಡ್ ಸ್ಟೋರಿ’ ಎಂಬ ಪ್ರಸಿದ್ಧ ಅಮೆರಿಕನ್ ಚಿತ್ರವನ್ನು ಅಣಕಿಸುವ ಪುಂಡು ಹುಡುಗರ ಕುಣಿತದ ನಡುವೆ ಸಿಕ್ಕಿಬೀಳುತ್ತಾನೆ. ಚೀನೀಯರ ಕೇರಿಗೆ ನುಗ್ಗಿ ಅವರ ವೇಷ ಹಾಕುತ್ತಾನೆ. ಈ ಚೀನೀ ವೇಷದ ಭಾಗ ಇಂದಿನ ಕಣ್ಣಿಗೆ ಅಷ್ಟು ಹಿಡಿಸದು. ಇನ್ನೊಬ್ಬರ ಮೈಬಣ್ಣ, ಕಣ್ಣಿನ ಆಕಾರವನ್ನು ಹಾಸ್ಯಕ್ಕೆ ಇಟ್ಟುಕೊಳ್ಳುವುದು ಆ ಕಾಲದ ಚಿತ್ರಗಳಲ್ಲೆಲ್ಲ ಇತ್ತು. ಮಕ್ಕಳ ಜೊತೆ ನೋಡುವಾಗ ಒಂದು ಮಾತು ಹೇಳಿಬಿಡಿ.

ಮುಖ್ಯವಾದ ಮಾತು ಏನೆಂದರೆ, ಕಥೆಯ ನಡುವೆ ಎಲ್ಲೋ ಒಂದು ಕಡೆ ಕ್ರುಶೋನ ಓಟದ ಕಾರಣ ಬದಲಾಗುತ್ತದೆ. ಮೊದಮೊದಲು ಸಾಹೇಬನಿಗೆ ಗೊತ್ತಾಗಬಾರದು ಎಂದು ಓಡುತ್ತಿದ್ದವನು, ಆಮೇಲೆ ಈ ದೊಡ್ಡ ಊರಿನಲ್ಲಿ ಮಗಳಿಗೆ ಏನಾದರೂ ಆದೀತು ಎಂದು ಓಡುತ್ತಾನೆ. ಅದೇ ಓಟ, ಅದೇ ಏದುಸಿರು. ಆದರೆ ಮುಖ ಬೇರೆ. ಅಪ್ಪಂದಿರ ಪ್ರೀತಿ ಬಹಳ ಸಲ ಹೀಗೇ ಗದರಿಕೆಯ ವೇಷದಲ್ಲಿ ಬರುತ್ತದೆ, ನಮಗೆ ಗುರುತು ಸಿಗುವ ಹೊತ್ತಿಗೆ ತಡವಾಗಿರುತ್ತದೆ. ಮಗಳನ್ನು ಸಾಹೇಬನ ಕಣ್ಣಿಗೆ ಬೀಳದಂತೆ ಊರಿಗೆ ಹೇಗೆ ಸಾಗಿಸಿದ ಎಂಬುದನ್ನು ನಾನು ಹೇಳುವುದಿಲ್ಲ. ಅದನ್ನು ನೋಡಿಯೇ ತಿಳಿಯಿರಿ.

ಅಮ್ಮನಿಂದ ಕಲಿತ ಕೋಪ

ಇಷ್ಟು ನಗಿಸಿದ ಮನುಷ್ಯ ಯಾರು? ಲೂಯಿ ದ ಫ್ಯುನೆಸ್ ಹುಟ್ಟಿದ್ದು 1914ರಲ್ಲಿ, ಪ್ಯಾರಿಸ್ ಪಕ್ಕದ ಕೂರ್ಬೆವ್ವಾದಲ್ಲಿ. ತಾಯಿತಂದೆ ಸ್ಪೇನಿನಿಂದ ಬಂದವರು. ತುಪ್ಪಳದ ಬಟ್ಟೆಯ ಕೆಲಸ, ಅಂಗಡಿಯ ಕಿಟಕಿ ಸಿಂಗರಿಸುವ ಕೆಲಸ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಮಾಡಿದರು. ಯುದ್ಧಕಾಲದಲ್ಲಿ ಪ್ಯಾರಿಸ್ಸಿನ ಮದ್ಯದಂಗಡಿಗಳಲ್ಲಿ ರಾತ್ರಿಯಿಡೀ ಪಿಯಾನೋ ನುಡಿಸಿ ಹೊಟ್ಟೆ ಹೊರೆದರು. ಸಿನಿಮಾದಲ್ಲಿ ಮೊದಲ ಪಾತ್ರ ಸಿಕ್ಕಿದ್ದು 1940ರ ದಶಕದ ಮಧ್ಯದಲ್ಲಿ, ಬಾಗಿಲು ಕಾಯುವವನದು. ಆಮೇಲೆ ಸುಮಾರು ಇಪ್ಪತ್ತು ವರ್ಷ ಇಂಥವೇ ಚಿಲ್ಲರೆ ಪಾತ್ರಗಳು. ಒಂದು ನಿಮಿಷ, ಎರಡು ನಿಮಿಷ. ‘ಜಂದಾರ್ಮ್’ ಬಂದು ಇಡೀ ದೇಶ ಅವರ ಹೆಸರು ಹೇಳುವಾಗ ಅವರಿಗೆ ಐವತ್ತು! ನಮ್ಮ ಹೆಂಗಸರು ನಲವತ್ತಕ್ಕೇ ‘ಇನ್ನು ನಮ್ಮದೇನಿದೆ’ ಎಂದು ನಿಟ್ಟುಸಿರು ಬಿಡುವುದನ್ನು ಕೇಳಿದಾಗಲೆಲ್ಲ ಈ ಮನುಷ್ಯನ ನೆನಪಾಗುತ್ತದೆ.

ಆ ಕೋಪದ ಅಭಿನಯ ಎಲ್ಲಿ ಕಲಿತರು? ಯಾವ ನಾಟಕಶಾಲೆಯಲ್ಲೂ ಅಲ್ಲ. ತಾಯಿಯೇ ತನ್ನ ಮೊದಲ ಗುರು ಎಂದು ಅವರು ಹೇಳುತ್ತಿದ್ದರು. ಆಕೆ ಸಿಟ್ಟು ಬಂದಾಗ ಮೇಜಿನ ಸುತ್ತ ಅಟ್ಟಿಸಿಕೊಂಡು ಬರುವ ರೀತಿ, ಮುಖ ಮಾಡುವ ರೀತಿ, ಎಲ್ಲವನ್ನೂ ಈ ಹುಡುಗ ನೋಡಿಟ್ಟುಕೊಂಡಿದ್ದ. ಗಂಡನ ಸಂಪಾದನೆ ನೆಚ್ಚುವಂತಿಲ್ಲದ ಮನೆಯಲ್ಲಿ, ಪರದೇಶದಲ್ಲಿ ಮಕ್ಕಳನ್ನು ಬೆಳೆಸಿದ ಒಬ್ಬ ತಾಯಿಯ ರೇಗಾಟ ಮುಂದೆ ಕೋಟಿ ಜನರ ನಗುವಾಯಿತು. ಆ ತಾಯಿಗೆ ಯಾರೂ ಪ್ರಶಸ್ತಿ ಕೊಡಲಿಲ್ಲ ಅನ್ನಿ!

1943ರಲ್ಲಿ ಅವರು ಮದುವೆಯಾದ ಜಾನ್ ಎಂಬಾಕೆ ಗಂಡನ ವ್ಯವಹಾರವನ್ನೆಲ್ಲ ನೋಡಿಕೊಂಡರು. ಪರದೆಯ ಮೇಲೆ ಗುಡುಗುವ ಈ ಗಂಡಸು ಮನೆಯಲ್ಲಿ ಮಿತಭಾಷಿ, ನಾಚಿಕೆ ಸ್ವಭಾವ. ನಾಂತ್ ಊರಿನ ಬಳಿಯ ತಮ್ಮ ಹಳೆಯ ಕಾಲದ ಮನೆಯಲ್ಲಿ ಗುಲಾಬಿ ಬೆಳೆಸುವುದು ಅವರ ಹುಚ್ಚು. ಅವರ ಹೆಸರಿನ ಒಂದು ಗುಲಾಬಿ ತಳಿಯೇ ಇದೆ. 1966ರ ಅವರ ‘ಲ ಗ್ರಾಂದ್ ವಾದ್ರೂಯ್’ ಚಿತ್ರಕ್ಕೆ ಫ್ರಾನ್ಸಿನಲ್ಲಿ 1 ಕೋಟಿ 70 ಲಕ್ಷ ಟಿಕೆಟು ಹೋಯಿತು. 1975ರಲ್ಲಿ ಹೃದಯಾಘಾತ. ಚೇತರಿಸಿಕೊಂಡು ಮರುವರ್ಷ ಬಂದದ್ದು ಹೋಟೆಲುಗಳ ಊಟಕ್ಕೆ ಅಂಕ ಕೊಡುವ ರುಚಿಪಂಡಿತನ ಪಾತ್ರದಲ್ಲಿ!

ಜಂದಾರ್ಮ್ ಸರಣಿಯಲ್ಲಿ ಒಟ್ಟು ಆರು ಚಿತ್ರಗಳು ಬಂದವು. ಮೂರನೆಯದರಲ್ಲಿ, 1968ರಲ್ಲಿ, ಕ್ರುಶೋನಿಗೆ ಮರುಮದುವೆ. ಜೋಸೆಫಾ ಎಂಬ ಆ ವಿಧವೆ ದೊಡ್ಡ ಅಧಿಕಾರಿಯೊಬ್ಬನ ಹೆಂಡತಿಯಾಗಿದ್ದವಳು. ಅಂದಮೇಲೆ ಮನೆಯಲ್ಲೂ ಸಲಾಮು ತಪ್ಪಲಿಲ್ಲ ಪಾಪ! ಕೊನೆಯದು 1982ರದು. ಅದರಲ್ಲಿ ಠಾಣೆಗೆ ನಾಲ್ಕು ಜನ ತರುಣಿಯರು ಜಂದಾರ್ಮರಾಗಿ ಸೇರುತ್ತಾರೆ. ಮಗಳನ್ನು ಹಡಗಿಗೆ ಹತ್ತಿಸಲೊಲ್ಲದ ಠಾಣೆಗೆ ಹದಿನೇಳು ವರ್ಷದ ಮೇಲೆ ಹುಡುಗಿಯರೇ ಟೋಪಿ ಹಾಕಿಕೊಂಡು ಬಂದರು. ಆ ಚಿತ್ರ ಮುಗಿಯುವ ಮುನ್ನವೇ ನಿರ್ದೇಶಕ ಜಿರೋ ತೀರಿಕೊಂಡರು. ದ ಫ್ಯುನೆಸ್ ಹೋದದ್ದು 1983ರ ಜನವರಿ 27ರಂದು. ಅವರಿಗೆ ಅದೇ ಕೊನೆಯ ಚಿತ್ರವಾಯಿತು. ಜೆರ್ಬೇರ್ ಆಗಿದ್ದ ಗಲಬ್ರು 2016ರವರೆಗೆ ಬದುಕಿದ್ದರು. ಸ್ಯಾಂ ತ್ರೊಪೇಯ ಆ ಹಳೆಯ ಠಾಣೆ ಕಟ್ಟಡ 2016ರಿಂದ ವಸ್ತುಸಂಗ್ರಹಾಲಯವಾಗಿದೆ.

ಹಡಗು ಬಂದು ಸೇರಿದ್ದು ನಮ್ಮಲ್ಲಿಗೆ

ನಿಕೋಲ್ ಕದ್ದು ಹತ್ತಿದ ಆ ಹಡಗು ಏನಾಯಿತು ಗೊತ್ತೇ? ವಿಮಾನಗಳು ಬಂದವು, ಎಣ್ಣೆಯ ಬೆಲೆ ಏರಿತು. 1974ರಲ್ಲಿ ಸರಕಾರ ಇನ್ನು ಹಣ ಕೊಡಲಾರೆ ಎಂದಾಗ ನಾವಿಕರು ಸಿಟ್ಟಿನಿಂದ ಹಡಗನ್ನೇ ಬಂದರಿನ ಹೊರಗೆ ತಡೆದು ನಿಲ್ಲಿಸಿದ್ದರು. ಪ್ರಯೋಜನವಾಗಲಿಲ್ಲ. ಹಲವು ವರ್ಷ ಸುಮ್ಮನೆ ನಿಂತು, ಆಮೇಲೆ ನಾರ್ವೆಯವರ ಪಾಲಾಗಿ ‘ನಾರ್ವೆ’ ಎಂದು ಹೆಸರು ಬದಲಿಸಿಕೊಂಡು, 1980ರಿಂದ ವಿಹಾರದ ಹಡಗಾಗಿ ತಿರುಗಿತು. 2003ರಲ್ಲಿ ಮಯಾಮಿಯಲ್ಲಿ ಬಾಯ್ಲರ್ ಸಿಡಿದು ಕೆಲಸಗಾರರು ಸತ್ತರು. ಕೊನೆಗೆ 2006ರಲ್ಲಿ ‘ಬ್ಲೂ ಲೇಡಿ’ ಎಂಬ ಮೂರನೆಯ ಹೆಸರು ಹೊತ್ತು ಬಂದು ನಿಂತದ್ದು ನಮ್ಮ ಗುಜರಾತಿನ ಅಲಂಗ್ ಕಡಲತೀರದಲ್ಲಿ, ಮುರಿಸಿಕೊಳ್ಳಲು!

ಅದರ ಒಡಲಲ್ಲಿ ಪುಪ್ಪುಸಕ್ಕೆ ವಿಷವಾದ ಕಲ್ನಾರು ತುಂಬಿತ್ತು. ಒಡೆಯುವ ಬಡ ಕೂಲಿಗಳ ಗತಿಯೇನು ಎಂದು ಪ್ರಕರಣ ನಮ್ಮ ಸುಪ್ರೀಂ ಕೋರ್ಟಿಗೆ ಹೋಯಿತು. 2007ರಲ್ಲಿ ನ್ಯಾಯಾಲಯ ಒಪ್ಪಿತು, ಮರುವರ್ಷ ಹಡಗು ಇಲ್ಲವಾಯಿತು. ಕ್ರುಶೋ ಮಗಳನ್ನು ಹುಡುಕಿ ಓಡಾಡಿದ ಆ ಹಡಗು ಕಬ್ಬಿಣದ ಚೂರಾಗಿ ನಮ್ಮ ನಾಡಿನಲ್ಲೇ ಎಲ್ಲೆಲ್ಲಿ ಹಂಚಿಹೋಯಿತೋ, ಯಾರ ಮನೆಯ ತಾರಸಿಯ ಸರಳಾಯಿತೋ! ಮೂತಿಯ ತುದಿಯೊಂದು ಮಾತ್ರ ಫ್ರಾನ್ಸಿಗೆ ಮರಳಿ, ಈಗ ಲೆ ಹಾವ್ರ್ ಬಂದರಿನಲ್ಲಿದೆ.

ಚಿತ್ರ ನೋಡಬೇಕೆನ್ನುವವರಿಗೆ ಒಂದೆರಡು ಮಾತು. ಸಾಧ್ಯವಾದರೆ 1964ರ ಮೊದಲ ಚಿತ್ರವನ್ನು ಮುಂಚೆ ನೋಡಿ, ಪಾತ್ರಗಳ ಪರಿಚಯವಾಗುತ್ತದೆ. ಅದರಲ್ಲಿ ಬೆತ್ತಲೆ ಸ್ನಾನದವರನ್ನು ಜಂದಾರ್ಮರು ಬೇಟೆಯಾಡುವ ಭಾಗವಿದೆ, ಚಿಕ್ಕ ಮಕ್ಕಳಿದ್ದರೆ ಮುಂದಕ್ಕೆ ಓಡಿಸಿ. ನ್ಯೂಯಾರ್ಕಿನ ಚಿತ್ರಕ್ಕೆ ಆ ಅಡ್ಡಿಯಿಲ್ಲ. ಕೆಳಗೆ ಬರುವ ಅಕ್ಷರ ಓದುತ್ತ ಕೂರಬೇಡಿ, ಮುಖಗಳನ್ನು ನೋಡಿ. ಬಟಾಣಿ ಬಿಡಿಸುವುದನ್ನೋ ಸೊಪ್ಪು ಸೋಸುವುದನ್ನೋ ಇಟ್ಟುಕೊಂಡರೆ ಅದು ಹಾಗೇ ಉಳಿದೀತು, ಎಚ್ಚರ! ಮನೆಯ ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕ್ರುಶೋ ಸಾಹೇಬನಿಗೆ ಸಲಾಮು ಹೊಡೆದು ಈ ಕಡೆ ತಿರುಗುತ್ತಾನಲ್ಲ, ಆಗ ಮಾತ್ರ ಒಂದು ಕ್ಷಣ ಪರದೆ ಬಿಟ್ಟು ಅವರ ಮುಖ ನೋಡಿ.